ಗಿಟಾರ್ ಕೈ ಒಂದು ಹಂತದಲ್ಲಿ ನಿಂತುಹೋಗಿದೆ: ನಿಮಗೆ ನೆರವಾದ ಪಾಠ ಯಾವುದು?

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ಉದ್ಯೋಗಿ, ವಯಸ್ಸು 36. ಎರಡು ವರ್ಷಗಳ ಹಿಂದೆ ಯಮಾಹಾ ಎಫ್310 ಕೊಂಡು, ವಿಡಿಯೋಗಳನ್ನು ನೋಡಿಕೊಂಡು ಓಪನ್ ಕಾರ್ಡ್‌ಗಳನ್ನೂ (ಕೆಲವು ತಂತಿಗಳನ್ನು ಒತ್ತದೆ ಖಾಲಿ ಬಿಟ್ಟು ಹಿಡಿಯುವ ಸ್ವರಗುಚ್ಛಗಳು) ಮೂರ್ನಾಲ್ಕು ಬಗೆಯ ಸ್ಟ್ರಮ್ಮಿಂಗನ್ನೂ ಕಲಿತಿದ್ದೇನೆ. ಒಬ್ಬನೇ ನುಡಿಸುವಾಗ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ನೆರೆಮನೆಯ ಶಿಕ್ಷಕಿಯೊಬ್ಬರು ಭಾವಗೀತೆ ಹಾಡುವಾಗ ಜೊತೆಗೆ ನುಡಿಸಲು ಕುಳಿತರೆ, ಸಿ ಕಾರ್ಡ್‌ನಿಂದ ಎಫ್‌ಗೆ ಹೋಗುವ ಕಡೆ ಪ್ರತಿ ಸಲವೂ ತಾಳ ಮುರಿಯುತ್ತದೆ, ಎಫ್‌ನಲ್ಲಿ ಎರಡು ತಂತಿಗಳು ದನಿಯೇ ಬಿಡುವುದಿಲ್ಲ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಬಿಡುವು ಸಿಗುತ್ತದೆ. ತಿಂಗಳಿಗೆ 3,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಗುರುಗಳ ಬಳಿಗೆ ಹೋಗಬೇಕೇ, ಹಣ ಕಟ್ಟಿ ಆನ್‌ಲೈನ್ ಕೋರ್ಸ್ ಸೇರಬೇಕೇ, ಅಥವಾ ಗ್ರೇಡ್ ಪರೀಕ್ಷೆ ತೆಗೆದುಕೊಂಡರೆ ಶಿಸ್ತು ಬರುತ್ತದೆಯೇ? ನಿಮ್ಮ ಕೈಯನ್ನು ನಿಜವಾಗಿ ಮುಂದಕ್ಕೆ ತಂದ ಪಾಠ ಯಾವುದೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಬೆಂಗಳೂರಿನ ಜಯನಗರದಿಂದ

ಎದುರಿಗೆ ಕುಳಿತು ಕೈ ನೋಡುವ ಗುರುಗಳಿಲ್ಲದೆ ಗಿಟಾರ್ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುರುಗಳು ಎಂದರೆ ತರಗತಿ ಎಂದು ತಿಳಿಯಬೇಡಿ. ನಾನು ಮೊದಲು ಸೇರಿದ್ದು ಹಲವು ಬಡಾವಣೆಗಳಲ್ಲಿ ಶಾಖೆಗಳಿರುವ ಒಂದು ಸಂಗೀತ ಶಾಲೆಗೆ. ತಿಂಗಳ ಶುಲ್ಕ 3,500 ಎಂದು ಫಲಕದಲ್ಲಿತ್ತು. ಹಣ ಕಟ್ಟುವ ಹೊತ್ತಿಗೆ ಶೇಕಡ 18ರ ಜಿಎಸ್‌ಟಿ ಸೇರಿ 4,130 ಆಯಿತು. ನೋಂದಣಿಗೆ 2,000, ಅದು ಮರಳಿ ಬರುವುದಿಲ್ಲ. ಅವರೇ ಅಚ್ಚು ಹಾಕಿಸಿದ ಪುಸ್ತಕಕ್ಕೆ 650. ಮೂರು ತಿಂಗಳಲ್ಲಿ ಒಟ್ಟು 15,040 ರೂಪಾಯಿ ಕೊಟ್ಟೆ. ಒಂದು ಕೋಣೆಯಲ್ಲಿ ಎಂಟು ಮಂದಿ, ಒಬ್ಬರೇ ಶಿಕ್ಷಕರು. ಎಲ್ಲರ ಗಿಟಾರ್‌ಗಳನ್ನು ಶ್ರುತಿ ಮಾಡಿಕೊಡುವುದರಲ್ಲೇ ಮೊದಲ ಕಾಲು ಗಂಟೆ ಕಳೆಯುತ್ತಿತ್ತು, ಉಳಿದ ಸಮಯದಲ್ಲಿ ಎಲ್ಲರೂ ಒಟ್ಟಿಗೆ ಬಾರಿಸುತ್ತಿದ್ದೆವು, ಹಾಗಾಗಿ ಯಾರ ತಂತಿ ಝರ್ ಎನ್ನುತ್ತಿದೆ ಎಂಬುದು ನುಡಿಸುವವರಿಗೂ ಕಲಿಸುವವರಿಗೂ ಕೇಳಿಸುತ್ತಿರಲಿಲ್ಲ.

ಅದನ್ನು ಬಿಟ್ಟು, ಮನೆಯಲ್ಲಿ ಒಬ್ಬೊಬ್ಬರಿಗೇ ಹೇಳಿಕೊಡುವ ಹಿರಿಯರೊಬ್ಬರ ಬಳಿಗೆ ಹೋದೆ. ಗಂಟೆಗೆ 1,200 ರೂಪಾಯಿ, ವಾರಕ್ಕೊಂದು ಪಾಠ. ಅವರು ಮೊದಲ ದಿನ ಹಾಡನ್ನೇ ತೆಗೆಯಲಿಲ್ಲ. ಒಂದು ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇರಿಸಿ, ಬಲಗೈಯಿಂದ ಮೀಟುತ್ತಲೇ ಇರಲು ಹೇಳಿ, ನಿಧಾನವಾಗಿ ಒತ್ತಡವನ್ನು ಹೆಚ್ಚಿಸುತ್ತ ಹೋಗಿಸಿದರು. ದನಿ ಶುದ್ಧವಾದ ಕ್ಷಣದಲ್ಲಿ ನಿಲ್ಲಿಸಿ, ನಿನಗೆ ಬೇಕಾದ ಬಲ ಇಷ್ಟೇ, ಇದಕ್ಕಿಂತ ಹೆಚ್ಚು ಒತ್ತಿದ್ದೆಲ್ಲವೂ ಮುಂದಿನ ಕಾರ್ಡ್‌ಗೆ ಹೋಗಲು ಅಡ್ಡಿ ಎಂದರು. ಬೆರಳು ಫ್ರೆಟ್‌ನ (ಗಿಟಾರಿನ ಕತ್ತಿಗೆ ಅಡ್ಡವಾಗಿ ಕೂರಿಸಿದ ಪಟ್ಟಿಯ) ಲೋಹಕ್ಕೆ ತಾಗಿದಂತೆ, ಅದರ ಹಿಂಬದಿಯಲ್ಲೇ ಕುಳಿತರೆ ಆ ಬಲ ಇನ್ನೂ ಕಡಿಮೆ ಸಾಕು ಎಂಬುದನ್ನೂ ತೋರಿಸಿದರು. ಆಮೇಲೆ ತಾಳ ಎಣಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಎರಡೇ ಕಾರ್ಡ್‌ಗಳು, ನಾಲ್ಕು ನಾಲ್ಕು ಎಣಿಕೆ. ನಿಯಮ ಒಂದೇ: ಎಡಗೈ ತಲುಪಲಿ, ತಲುಪದಿರಲಿ, ಬಲಗೈ ನಿಲ್ಲಕೂಡದು. ನಾಲ್ಕನೆಯ ಎಣಿಕೆಯಲ್ಲಿ ಖಾಲಿ ತಂತಿಗಳು ನುಡಿದರೂ ಚಿಂತೆಯಿಲ್ಲ, ಮುಂದಿನ ಕಾರ್ಡಿನ ಒಂದನೆಯ ಎಣಿಕೆ ತಪ್ಪಬಾರದು. ವಿಡಿಯೋ ನೋಡಿ ಕಲಿತವರ ತಾಳ ಮುರಿಯುವುದಕ್ಕೆ ಕಾರಣ ಎಡಗೈ ಅಲ್ಲ, ಎಡಗೈಗಾಗಿ ಕಾಯುವ ಬಲಗೈ. ಇದನ್ನು ಪರದೆಯೊಳಗಿನ ಯಾರೂ ನಿಮ್ಮ ಕೈ ಹಿಡಿದು ತಿದ್ದಲಾರರು.

ಉತ್ತರ, ಮಂಗಳೂರಿನಿಂದ

ಮೇಲಿನವರು ಗುರುಗಳಿಗೆ ಕೊಟ್ಟ ಹಣವನ್ನು ಪೈಸೆ ಪೈಸೆ ಲೆಕ್ಕ ಹಾಕಿದ್ದಾರೆ, ಗಿಟಾರಿನ ಬಗ್ಗೆ ಒಂದು ಮಾತನ್ನೂ ಬರೆದಿಲ್ಲ. ನಾನು ಯಾವ ಗುರುಗಳಿಗೂ ಒಂದು ರೂಪಾಯಿ ಕೊಟ್ಟವನಲ್ಲ. ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ ಮೂಲೆಯಲ್ಲಿ ಕುಳಿತು ಕಲಿತೆ. ಭಾನುವಾರದ ಪೂಜೆಯಲ್ಲಿ ನೀವು ಎಡವಿದರೆ ಯಾರೂ ನಿಲ್ಲುವುದಿಲ್ಲ. ಆರ್ಗನ್ ನುಡಿಸುವವರು ಬಿ ಫ್ಲ್ಯಾಟ್ ಎಂದರೆ ಮೂರನೆಯ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಏರಿಸಿ ಜಿ ಆಕಾರದಲ್ಲಿ ಹಿಡಿಯಬೇಕು, ಮುಂದಿನ ಗೀತೆ ಇ ಫ್ಲ್ಯಾಟ್ ಎಂದರೆ ಅದೇ ಕ್ಯಾಪೊ ಇಟ್ಟುಕೊಂಡು ಸಿ ಆಕಾರಕ್ಕೆ ಬರಬೇಕು, ಯೋಚಿಸಲು ಅರ್ಧ ನಿಮಿಷವೂ ಇರುವುದಿಲ್ಲ. ಬಲಗೈ ನಿಲ್ಲಬಾರದು ಎಂಬ ಪಾಠವನ್ನು ಗಂಟೆಗೆ 1,200 ಕೊಟ್ಟು ಕಲಿಯಬೇಕಾಗಿಲ್ಲ. ಹತ್ತು ಜನರ ಜೊತೆ ನುಡಿಸಲು ಕುಳಿತರೆ ಅದು ತಾನಾಗಿ ಬರುತ್ತದೆ.

ಇನ್ನು ಎಫ್ ಕಾರ್ಡ್. ಅದರಲ್ಲಿ ತಂತಿ ದನಿ ಬಿಡುವುದಿಲ್ಲ ಎಂದು ಯಾರು ಹೇಳಿದರೂ ನಾನು ಮೊದಲು ಅವರ ಗಿಟಾರನ್ನು ಕೈಗೆ ತೆಗೆದುಕೊಳ್ಳುತ್ತೇನೆ. ಒಂದನೆಯ ಫ್ರೆಟ್‌ನಲ್ಲಿ ಎಫ್ ಹಿಡಿಯಿರಿ, ಅದೇ ಆಕಾರವನ್ನು ಮೂರನೆಯ ಫ್ರೆಟ್‌ಗೆ ಒಯ್ದು ಜಿ ಹಿಡಿಯಿರಿ. ಅಲ್ಲಿ ಸಲೀಸಾಗಿ ನುಡಿದು ಇಲ್ಲಿ ಮಾತ್ರ ಕಷ್ಟವಾದರೆ, ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯ) ಕಚ್ಚುಗಳು ಆಳ ಸಾಲದೆ ತಂತಿ ಅಲ್ಲಿ ಎತ್ತರದಲ್ಲಿ ನಿಂತಿದೆ ಎಂದು ಅರ್ಥ. ಕಾರ್ಖಾನೆಯಿಂದ ಬರುವ ಅಗ್ಗದ ಗಿಟಾರ್‌ಗಳಲ್ಲಿ ನಟ್ಟನ್ನು ಎತ್ತರವಾಗಿಯೇ ಬಿಟ್ಟಿರುತ್ತಾರೆ. ನನ್ನ ಗಿಟಾರಿನಲ್ಲಿ ಹನ್ನೆರಡನೆಯ ಫ್ರೆಟ್‌ನ ಮೇಲೆ ದಪ್ಪ ತಂತಿ 3.5 ಮಿಲಿಮೀಟರ್ ಎತ್ತರದಲ್ಲಿತ್ತು. ಒಂದು ಅಂಗಡಿಯವರು ಫ್ರೆಟ್ ಸಮ ಮಾಡುತ್ತೇವೆಂದು 1,800 ರೂಪಾಯಿ ತೆಗೆದುಕೊಂಡು, ವಾರಗಟ್ಟಲೆ ಇಟ್ಟುಕೊಂಡು, ಅದೇ 3.5 ಮಿಲಿಮೀಟರ್‌ನಲ್ಲಿ ಮರಳಿಸಿದರು, ಮೇಲಾಗಿ ಬ್ರಿಜ್‌ನ ಪಕ್ಕದ ಮೆರುಗನ್ನು ಗೀಚಿದ್ದರು. ಆಮೇಲೆ ಪಿಟೀಲು ರಿಪೇರಿ ಮಾಡುವ ವಯಸ್ಸಾದ ಕುಶಲಕರ್ಮಿಯೊಬ್ಬರು 600 ರೂಪಾಯಿಗೆ ನಟ್‌ನ ಕಚ್ಚುಗಳನ್ನು ಅರದಿಂದ ಇಳಿಸಿ, ಸ್ಯಾಡಲ್‌ನ (ಬ್ರಿಜ್‌ನ ಮೇಲೆ ತಂತಿಗಳನ್ನು ಹೊರುವ ಪಟ್ಟಿಯ) ತಳವನ್ನು 2 ಮಿಲಿಮೀಟರ್ ಉಜ್ಜಿದರು. ಸ್ಯಾಡಲ್‌ನಲ್ಲಿ 2 ಇಳಿದರೆ ಹನ್ನೆರಡನೆಯ ಫ್ರೆಟ್‌ನಲ್ಲಿ 1 ಇಳಿಯುತ್ತದೆ, ಹಾಗಾಗಿ ಎತ್ತರ 2.5ಕ್ಕೆ ಬಂತು. ಅಂದು ಸಂಜೆಯೇ ಎಫ್ ನುಡಿಯಿತು.

ತಂತಿಯ ದಪ್ಪವನ್ನೂ ಯಾರೂ ಹೇಳುವುದಿಲ್ಲ. ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ 12ರಿಂದ 53ರವರೆಗಿನ ಲೈಟ್ ಜೋಡಿಯ ಒಟ್ಟು ಎಳೆತ 70 ಕಿಲೋಗಿಂತ ಹೆಚ್ಚು. 10ರಿಂದ 47ರವರೆಗಿನ ಎಕ್ಸ್‌ಟ್ರಾ ಲೈಟ್ ಹಾಕಿದರೆ ಎಡಗೈಗೆ ಬಹಳ ನಿರಾಳ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 550 ರೂಪಾಯಿಯ ತಂತಿ ತಿಂಗಳೊಳಗೆ ಕಪ್ಪಾಗಿ ಒರಟಾಗುತ್ತದೆ, ಲೇಪನವಿರುವ ತಂತಿಗೆ 1,450 ತೆರಬೇಕು. ಆ ಖರ್ಚನ್ನು ನಾನು ಪಾಠದ ಶುಲ್ಕವೆಂದೇ ತಿಳಿಯುತ್ತೇನೆ.

ಜಯನಗರದವರು ಮತ್ತೆ

ಗಿಟಾರಿನ ಮೇಲೆ ಹೊಣೆ ಹೊರಿಸುವುದು ಸುಲಭ, ಸ್ವಾಮಿ. ನನ್ನ ಗುರುಗಳು ನನ್ನದೇ ಗಿಟಾರನ್ನು, ಅದೇ ನಟ್, ಅದೇ ತಂತಿಗಳೊಂದಿಗೆ ಕೈಗೆ ತೆಗೆದುಕೊಂಡು ಎಫ್ ನುಡಿಸಿದಾಗ ಆರೂ ತಂತಿಗಳು ಗಂಟೆಯಂತೆ ಕೇಳಿಸಿದವು. ತೋರುಬೆರಳನ್ನು ಚಪ್ಪಟೆಯಾಗಿ ಇಡದೆ, ಹೆಬ್ಬೆರಳಿನ ಕಡೆಯ ಎಲುಬಿನ ಅಂಚಿಗೆ ತುಸು ಹೊರಳಿಸಬೇಕು ಎಂಬುದನ್ನು ಅರ ಕಲಿಸುವುದಿಲ್ಲ. ಇಗರ್ಜಿಯಲ್ಲಿ ಹತ್ತು ಜನರ ದನಿಯ ನಡುವೆ ನಿಮ್ಮ ಎಫ್ ಶುದ್ಧವಾಗಿ ನುಡಿಯಿತೋ ಇಲ್ಲವೋ ಎಂದು ಯಾರಿಗೆ ಕೇಳಿಸುತ್ತದೆ? ಎಂಟು ಜನರ ತರಗತಿಯಲ್ಲಿ ನಾನು ಕಂಡ ಕೊರತೆಯೂ ಅದೇ ಆಗಿತ್ತು.

ಮಂಗಳೂರಿನವರು

ಗಾಯನ ಮಂಡಳಿಯನ್ನು ನಿಮ್ಮ ಹಣದ ತರಗತಿಗೆ ಹೋಲಿಸಬೇಡಿ. ನಮ್ಮಲ್ಲಿ ಒಬ್ಬರ ಕಾರ್ಡ್ ತಪ್ಪಿದರೆ ಆಲ್ಟೋ ಹಾಡುವವರು ಅಲ್ಲೇ ತಿರುಗಿ ನೋಡುತ್ತಾರೆ. ಒಂದು ಗಂಟೆಯ ಮಟ್ಟಿಗೆ ಮನೆಯ ಕೋಣೆಯಲ್ಲಿ ಒಬ್ಬರ ಎದುರು ಸರಿಯಾಗಿ ನುಡಿಸುವುದು ಬೇರೆ, ಜನರ ನಡುವೆ ನುಡಿಸುವುದು ಬೇರೆ. ಪ್ರಶ್ನೆ ಕೇಳಿದವರ ತೊಂದರೆ ಎರಡನೆಯದು.

ಉತ್ತರ, ಶಿಕಾಗೋದಿಂದ

ನಾನು ಇಲ್ಲಿ ಹದಿನೈದು ವರ್ಷಗಳಿಂದ ನೆಲೆಸಿರುವ ಕನ್ನಡಿಗ. ಗುರುಗಳ ಪರವಾಗಿ ಬರೆದವರಿಗೆ ನನ್ನ ಲೆಕ್ಕವನ್ನೂ ಕೊಡುತ್ತೇನೆ. ಇಲ್ಲಿ ಅರ್ಧ ಗಂಟೆಯ ಪಾಠಕ್ಕೆ 45 ಡಾಲರ್, ತಿಂಗಳಿಗೆ 180. ನನಗೆ ಸಿಕ್ಕ ಶಿಕ್ಷಕರು ಪ್ರತಿ ವಾರವೂ ಹೊಸ ಹಾಡಿನ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ಸಂಖ್ಯೆಗಳಲ್ಲಿ ಬರೆದ ಲಿಪಿ) ಕೊಟ್ಟು, ಹಳೆಯದು ಅರ್ಧ ಬಂದಿರುವಾಗಲೇ ಮುಂದಕ್ಕೆ ಹೋಗುತ್ತಿದ್ದರು. ವಿದ್ಯಾರ್ಥಿಗೆ ಬೇಸರವಾಗಿ ಬಿಟ್ಟುಹೋಗದಿರಲಿ ಎಂಬ ವ್ಯಾಪಾರದ ಲೆಕ್ಕ ಅದು. ಅವರನ್ನು ಬಿಟ್ಟು ಒಂದು ಆನ್‌ಲೈನ್ ಚಂದಾಕ್ಕೆ 149 ಡಾಲರ್ ಕಟ್ಟಿದೆ. ವರ್ಷ ತುಂಬಿದ ಮೇಲೆ ಒಂದು ಮುನ್ಸೂಚನೆಯೂ ಇಲ್ಲದೆ ಮತ್ತೆ 149 ಡಾಲರ್ ಕಡಿತವಾಯಿತು. ಎಷ್ಟು ಪತ್ರ ಬರೆದರೂ ಮರಳಿಸಲಿಲ್ಲ.

ನನ್ನ ಕೈಯನ್ನು ನಿಜವಾಗಿ ತಿದ್ದಿದ್ದು ಅಂತರ್ಜಾಲದಲ್ಲಿ ಗಿಟಾರ್ ಕಲಿಸುವ ಜಸ್ಟಿನ್ ಸ್ಯಾಂಡರ್‌ಕೋ ಅವರ ಉಚಿತ ಪಾಠಗಳು. 2003ರಿಂದ ನಡೆಸಿಕೊಂಡು ಬಂದಿರುವ ಅವರ ಪಾಠಗಳಲ್ಲಿ ಒಂದು ನಿಮಿಷದ ಬದಲಾವಣೆ ಎಂಬ ಅಭ್ಯಾಸವಿದೆ. ಎರಡು ಕಾರ್ಡ್‌ಗಳನ್ನು ಆರಿಸಿ, ಗಡಿಯಾರ ಹಚ್ಚಿ, ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸಿದೆ ಎಂದು ಎಣಿಸಿ ಬರೆದಿಡುವುದು. ನಿಮಿಷಕ್ಕೆ 60 ಬಂದರೆ ಹಾಡಿನಲ್ಲಿ ಆ ಬದಲಾವಣೆ ತೊಡಕಾಗುವುದಿಲ್ಲ. ಕೈ ಬೆಳೆಯುತ್ತಿದೆ ಎಂಬುದಕ್ಕೆ ಪುರಾವೆ ಕಾಗದದ ಮೇಲೆ ಇರುತ್ತದೆ, ಗುರುಗಳ ಮೆಚ್ಚುಗೆಯ ಮಾತಿನಲ್ಲಲ್ಲ. ಎರಡನೆಯದು, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಮರುದಿನ ಕೇಳುವುದು. ನುಡಿಸುವಾಗ ಕೇಳಿಸದ ಓಟ ಆಗ ಸ್ಪಷ್ಟವಾಗಿ ಕೇಳಿಸುತ್ತದೆ. ಸುಲಭದ ಸಾಲುಗಳಲ್ಲಿ ನನ್ನ ವೇಗ ಏರುತ್ತಿತ್ತು, ಕಷ್ಟದ ಕಾರ್ಡ್ ಬಂದಾಗ ಇಳಿಯುತ್ತಿತ್ತು; ಅಂದರೆ ಎಫ್ ಬಂದಾಗ ಮುರಿಯುವ ತಾಳ ಅದಕ್ಕೆ ನಾಲ್ಕು ಸಾಲು ಮೊದಲೇ ಅಲುಗಾಡಲು ಆರಂಭಿಸಿರುತ್ತದೆ.

ಮಣಿಕಟ್ಟಿನ ನೋವಿನ ಬಗ್ಗೆಯೂ ಬರೆಯಬೇಕು. ತೋರುಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡ ಮಲಗಿಸುವ ಬ್ಯಾರೆ ಕಾರ್ಡ್‌ಗಳನ್ನು ಹಟ ಹಿಡಿದು ಅಭ್ಯಾಸ ಮಾಡುವ ಕಾಲದಲ್ಲಿ ಹೆಬ್ಬೆರಳ ಬುಡದಲ್ಲಿ ನೋವು ಕಾಣಿಸಿಕೊಂಡು, ವಿಮೆ ಇದ್ದರೂ ಪ್ರತಿ ಭೇಟಿಗೆ 40 ಡಾಲರ್ ತೆತ್ತು ಫಿಸಿಯೋಥೆರಪಿಗೆ ಹೋಗಬೇಕಾಯಿತು. ಅಲ್ಲಿನ ತಜ್ಞೆ ಗಿಟಾರನ್ನು ತರಿಸಿ ನೋಡಿ, ಅದರ ಕತ್ತು ನೆಲಕ್ಕೆ ಸಮಾನಾಂತರವಾಗಿ ಇರುವುದರಿಂದ ಮಣಿಕಟ್ಟು ಮಡಚಿಕೊಳ್ಳುತ್ತಿದೆ ಎಂದು ಗುರುತಿಸಿದರು. ಗಿಟಾರಿಗೆ ಹೆಗಲ ಪಟ್ಟಿ ಹಾಕಿ ಅದರ ಕತ್ತನ್ನು ಮೇಲಕ್ಕೆ ಓರೆ ಮಾಡಿದ ಮೇಲೆ, ಒತ್ತುವ ಬಲ ಹೆಬ್ಬೆರಳಿನಿಂದಲ್ಲ, ತೋಳಿನ ಭಾರದಿಂದ ಬರಲಾರಂಭಿಸಿತು. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಆರ್ದ್ರತೆ ಶೇಕಡ 20ಕ್ಕೆ ಇಳಿದು ನನ್ನ ಗಿಟಾರಿನ ಮೇಲ್ಪದರ ಬಿರುಕು ಬಿಟ್ಟಿತು, ರಿಪೇರಿಗೆ 220 ಡಾಲರ್. ಎಲ್ಲರೂ ಪೆಟ್ಟಿಗೆಯೊಳಗೆ ತೇವ ಕೊಡುವ ಸಾಧನ ಇಟ್ಟು, 45ರಿಂದ 55ರ ನಡುವೆ ಕಾಯ್ದುಕೊಳ್ಳಿ.

ಮಂಗಳೂರಿನವರು

ದಯವಿಟ್ಟು ಎಲ್ಲರೂ ಎಂದು ಬರೆಯಬೇಡಿ. ಕರಾವಳಿಯಲ್ಲಿ ಯಾರಾದರೂ ಇದನ್ನು ಓದಿ ಪೆಟ್ಟಿಗೆಯೊಳಗೆ ತೇವದ ಸಾಧನ ಇಟ್ಟರೆ ಮಳೆಗಾಲ ಮುಗಿಯುವುದರೊಳಗೆ ಬ್ರಿಜ್ ಕಿತ್ತು ಬರುತ್ತದೆ. ನಮಗೆ ಬೇಕಾದದ್ದು ಸಿಲಿಕಾ ಜೆಲ್. ತೇವ ಹೀರಿದ ಮೇಲ್ಪದರ ಉಬ್ಬಿ ತಂತಿಯ ಎತ್ತರ ಏರುತ್ತದೆ, ಮೇ ತಿಂಗಳಲ್ಲಿ ಸಲೀಸಾಗಿದ್ದ ಎಫ್ ಜುಲೈಯಲ್ಲಿ ಕಷ್ಟವಾಗುವುದು ಅದಕ್ಕೇ.

ಶಿಕಾಗೋದವರು

ನಾನು ಬರೆದ 45ರಿಂದ 55ರ ಮಿತಿ ಎರಡೂ ಕಡೆಗೆ ಅನ್ವಯಿಸುತ್ತದೆ. ಸಂಖ್ಯೆಯನ್ನು ಬಿಟ್ಟು ಸಾಧನವನ್ನು ಮಾತ್ರ ಓದಿದರೆ ನಾನೇನು ಮಾಡಲಿ?

ಉತ್ತರ, ಮೈಸೂರಿನಿಂದ

ಇಲ್ಲಿ ಮೂವರೂ ಗ್ರೇಡ್ ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ, ಪ್ರಶ್ನೆಯಲ್ಲಿ ಅದು ಸ್ಪಷ್ಟವಾಗಿ ಇದೆ. ನನ್ನ ಮಗಳು ಟ್ರಿನಿಟಿ ಕಾಲೇಜ್ ಲಂಡನ್‌ನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಗಳಲ್ಲಿ ನಾಲ್ಕನೆಯ ಗ್ರೇಡ್‌ವರೆಗೆ ಬಂದಿದ್ದಾಳೆ, ಮತ್ತು ಅದರ ಹಿಂದಿನ ಪ್ರತಿ ಹೆಜ್ಜೆಯಲ್ಲೂ ನಾನು ಜೊತೆಗಿದ್ದೇನೆ. ಖರ್ಚನ್ನು ಮುಚ್ಚಿಡುವುದಿಲ್ಲ. ಚಿಕ್ಕವಳಿದ್ದಾಗ ಮುಕ್ಕಾಲು ಅಳತೆಯ ಗಿಟಾರ್ 7,000. ಬೆಳೆದ ಮೇಲೆ ಪೂರ್ಣ ಅಳತೆಯ ನೈಲಾನ್ ತಂತಿಯದು 9,500. ಎಡಗಾಲಿನ ಕೆಳಗೆ ಇಡುವ ಮಣೆ 700. ಪಠ್ಯಕ್ರಮದ ಪುಸ್ತಕವನ್ನು ಪ್ರತಿ ಗ್ರೇಡ್‌ಗೂ ಹೊಸದಾಗಿಯೇ ಕೊಳ್ಳಬೇಕು. ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿ ಬರುವ ಕಾರಿನ ಬಾಡಿಗೆ 4,200, ಏಕೆಂದರೆ ಬಸ್ಸಿನಲ್ಲಿ ಹೋದರೆ ಗಿಟಾರಿಗೆ ಏನಾಗುವುದೋ ಎಂಬ ಆತಂಕ.

ಮೂರನೆಯ ಗ್ರೇಡ್‌ನಲ್ಲಿ ಅವಳಿಗೆ ಬಂದದ್ದು 84. ಕೃತಿಗಳಿಗೆ ತಲಾ 22ರಂತೆ 66 ಅಂಕಗಳು, ಅದರಲ್ಲಿ 58. ತಾಂತ್ರಿಕ ಭಾಗದ 14ರಲ್ಲಿ 13. ಕಿವಿಯ ಪರೀಕ್ಷೆಯಲ್ಲಿ 10ಕ್ಕೆ 8. ಸ್ವರಲಿಪಿಯನ್ನು ನೋಡಿದ ತಕ್ಷಣ ನುಡಿಸುವ ಪರೀಕ್ಷೆಯಲ್ಲಿ 10ಕ್ಕೆ 5. ಡಿಸ್ಟಿಂಕ್ಷನ್‌ಗೆ 87 ಬೇಕು. ಮೂರೇ ಅಂಕ. ಆಗಿನ ಶಿಕ್ಷಕರು ಕೃತಿಗಳನ್ನು ಬಾಯಿಪಾಠ ಮಾಡಿಸುವುದರಲ್ಲೇ ವರ್ಷ ಕಳೆದು, ಓದುವುದನ್ನು ಪರೀಕ್ಷೆಗೆ ತಿಂಗಳಿರುವಾಗ ತೆಗೆದರು ಎಂಬ ನೋವು ನನಗೆ ಇಂದಿಗೂ ಇದೆ.

ಆದರೂ ಪರೀಕ್ಷೆಯಿಂದ ಬಂದ ಲಾಭವನ್ನು ಹೇಳುತ್ತೇನೆ. ಅವಳ ಈಗಿನ ಶಿಕ್ಷಕಿ ಇಟಲಿಯ ಗಿಟಾರ್ ವಾದಕ ಮಾವ್ರೊ ಜೂಲಿಯಾನಿಯ ಬಲಗೈ ಅಭ್ಯಾಸಗಳನ್ನು ಮಾಡಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಂದ ಆ 120 ಅಭ್ಯಾಸಗಳಲ್ಲಿ ಎಡಗೈಗೆ ಸಿ ಮತ್ತು ಜಿ7 ಎಂಬ ಎರಡೇ ಹಿಡಿತಗಳು. ಬದಲಾಗುವುದೆಲ್ಲ ಬಲಗೈಯ ಬೆರಳುಗಳ ಸರದಿ. ಎಡಗೈಗೆ ಚಿಂತೆಯೇ ಇಲ್ಲದಂತೆ ಮಾಡಿ ಬಲಗೈಯನ್ನು ಮಾತ್ರ ಬೆಳೆಸುವ ಆ ಯೋಜನೆಯನ್ನು ನೋಡಿ ನನಗೆ ಬಹಳ ಗೌರವ ಮೂಡಿತು. ಅವಳ ಉಂಗುರದ ಬೆರಳು ಯಾವಾಗಲೂ ಮೆತ್ತಗೆ ಮೀಟುತ್ತಿತ್ತು, ಈಗ ಮೂರು ಬೆರಳುಗಳ ದನಿಯೂ ಸಮವಾಗಿದೆ. ಕಾರ್ಡ್ ಬಡಿಯುವುದೇ ಗಿಟಾರ್ ಎಂದು ತಿಳಿದವರಿಗೆ ಈ ಭಾಗ ಗೊತ್ತೇ ಇರುವುದಿಲ್ಲ.

ಉತ್ತರ, ಧಾರವಾಡದಿಂದ

ಮೈಸೂರಿನ ತಾಯಿಯವರ ಶ್ರದ್ಧೆಯನ್ನು ಗೌರವಿಸುತ್ತೇನೆ. ಆದರೆ 84ಕ್ಕೂ 87ಕ್ಕೂ ನಡುವೆ ಸಂಗೀತ ಇದೆಯೇ ಎಂದು ಕೇಳಲೇಬೇಕಾಗಿದೆ. ನಾನು ನುಡಿಸುವುದು ಮಡಿಲಲ್ಲಿ ಮಲಗಿಸಿಕೊಂಡು ಉಕ್ಕಿನ ಸಲಾಕೆ ಜಾರಿಸುವ ಹಿಂದೂಸ್ತಾನಿ ಗಿಟಾರ್. ಬ್ರಿಜ್ ಭೂಷಣ್ ಕಾಬ್ರಾ ಅವರು ಈ ವಾದ್ಯವನ್ನು ರಾಗಸಂಗೀತಕ್ಕೆ ತಂದ ಮೊದಲಿಗರಲ್ಲಿ ಒಬ್ಬರು, ವಿಶ್ವಮೋಹನ ಭಟ್ ಅವರು ಅದಕ್ಕೆ ತಾವಾಗಿ ಅನುರಣಿಸುವ ತರಬಿನ ತಂತಿಗಳನ್ನು ಸೇರಿಸಿ ಮೋಹನ ವೀಣೆ ಎಂದು ಹೆಸರಿಟ್ಟರು, 1994ರಲ್ಲಿ ಗ್ರ್ಯಾಮಿಯನ್ನೂ ಪಡೆದರು. ನನ್ನ ಗುರುಗಳು ಗಾಯಕರು, ಗಿಟಾರನ್ನು ಮುಟ್ಟಿದವರೇ ಅಲ್ಲ. ಮೊದಲು ಹಾಡು, ಹಾಡಿದ್ದನ್ನು ನುಡಿಸು, ಬಾಯಲ್ಲಿ ಬಾರದ್ದು ಕೈಯಲ್ಲಿ ಬರುವುದಿಲ್ಲ ಎಂಬುದು ಅವರು ಕೊಟ್ಟ ಪಾಠ. ಯಮನ್ ರಾಗದ ಆಲಾಪವನ್ನು ಹಾಡಿ ಹಾಡಿ, ಗಾಂಧಾರದಿಂದ ಪಂಚಮಕ್ಕೆ ಜಾರುವ ಮೀಂಡು ಗಂಟಲಲ್ಲಿ ನಿಂತ ಮೇಲೆಯೇ ಸಲಾಕೆ ಎಲ್ಲಿ ನಿಧಾನಿಸಬೇಕೆಂದು ನನ್ನ ಕೈಗೆ ತಿಳಿಯಿತು.

ವಾದ್ಯದ ವಿಷಯದಲ್ಲಿ ನಾನು ಪಟ್ಟ ಪಾಡು ಯಾರಿಗೂ ಬೇಡ. ಕೋಲ್ಕತ್ತದಲ್ಲಿ ಮಾಡಿಸಿದೆ, 38,000 ರೂಪಾಯಿ. ಮುಂಗಡ 20,000 ಕೊಟ್ಟ ಮೇಲೆ ಮೂರು ಸಲ ಗಡುವು ಮುಂದೂಡಿದರು. ಕೊನೆಗೆ ಬಂದಾಗ ಸಾಗಣೆಯವರ ಅಜಾಗರೂಕತೆಯಿಂದ ತಲೆಯ ಭಾಗ ಸೀಳಿತ್ತು. ಸಾಗಣೆಯವರು ಪ್ಯಾಕಿಂಗ್ ಸರಿಯಿಲ್ಲ ಎಂದರು, ಮಾಡಿದವರು ಪ್ಯಾಕಿಂಗ್ ಸರಿಯಾಗಿಯೇ ಇತ್ತು ಎಂದರು, ವಿಮೆಯ ಹಣ ಬರಲೇ ಇಲ್ಲ. ಮಿರಜಿನಲ್ಲಿ ಅಂಟಿಸಿಕೊಳ್ಳಲು 3,500 ಬೇರೆ ಆಯಿತು.

ಫ್ರೆಟ್ ಗಿಟಾರಿನವರಿಗೆ ಒಂದು ಮಾತು. ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರ ಷಡ್ಜದಿಂದ 386 ಸೆಂಟ್ (ಒಂದು ಸ್ಥಾಯಿಯನ್ನು 1,200 ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್) ಎತ್ತರದಲ್ಲಿದೆ. ನಿಮ್ಮ ನಾಲ್ಕನೆಯ ಫ್ರೆಟ್ ಅದನ್ನು 400ಕ್ಕೆ ಇರಿಸುತ್ತದೆ. ಈ 14 ಸೆಂಟ್‌ನ ಅಂತರವನ್ನು ಕೇಳಿಸಿಕೊಳ್ಳುವ ಕಿವಿ ಬೆಳೆಯದೆ ಯಾವ ಕೋರ್ಸ್ ಸೇರಿದರೂ ಪ್ರಯೋಜನವಿಲ್ಲ.

ಮೈಸೂರಿನವರು

ಸಂಗೀತ ಅಂಕಗಳಲ್ಲಿಲ್ಲ ಎಂದು 38,000 ರೂಪಾಯಿಯ ವಾದ್ಯವಿರುವವರು ಹೇಳಿದರೆ ಒಪ್ಪುವುದು ಕಷ್ಟ. ಊರಿನಲ್ಲಿ ಗಾಯಕ ಗುರುಗಳು ಇರುವ ಭಾಗ್ಯ ಎಲ್ಲರಿಗೂ ಇಲ್ಲ. ಎಲ್ಲೋ ಕುಳಿತ ಪರೀಕ್ಷಕರು ಗೊತ್ತಾದ ಅಳತೆಗೋಲಿನಿಂದ, ಶಿಕ್ಷಕರ ಮುಲಾಜಿಲ್ಲದೆ, ನನ್ನ ಮಗಳ ಕೊರತೆಯನ್ನು 10ಕ್ಕೆ 5 ಎಂದು ಬರೆದುಕೊಟ್ಟಿದ್ದರಿಂದಲೇ ನಾನು ಶಿಕ್ಷಕರನ್ನು ಬದಲಾಯಿಸಿದೆ. ಆ ಕಾಗದ ಇಲ್ಲದಿದ್ದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು.

ಮಂಗಳೂರಿನವರು

ಧಾರವಾಡದವರು 14 ಸೆಂಟ್‌ನ ಲೆಕ್ಕವನ್ನು ಸರಿಯಾಗಿಯೇ ಕೊಟ್ಟಿದ್ದಾರೆ, ಆದರೆ ಅದನ್ನು ಗಿಟಾರಿನ ದೋಷದಂತೆ ತೋರಿಸಿದ್ದನ್ನು ಒಪ್ಪುವುದಿಲ್ಲ. ಹನ್ನೆರಡು ಶ್ರುತಿಗಳಿಗೂ ಕ್ಯಾಪೊ ಏರಿಸಿ ಇಳಿಸಿ ನುಡಿಸುವ ನಮ್ಮಂಥವರಿಗೆ ಎಲ್ಲ ಫ್ರೆಟ್‌ಗಳೂ ಸಮವಾಗಿ 100 ಸೆಂಟ್ ಇರಲೇಬೇಕು. ಒಂದೇ ಷಡ್ಜವನ್ನು ಹಿಡಿದು ಕೂರುವ ಸಂಗೀತಕ್ಕೆ ಆ ತೊಂದರೆ ಇಲ್ಲ. ಇ ಕಾರ್ಡ್ ಸಿಹಿಯಾಗಲಿ ಎಂದು ಕಿವಿಯಿಂದ ಮೂರನೆಯ ತಂತಿಯನ್ನು ಇಳಿಸಿಕೊಂಡವರ ಗಿಟಾರಿನಲ್ಲಿ ಮುಂದಿನ ಸಿ ಕಾರ್ಡ್ ಕೆಡುತ್ತದೆ. ಕಲಿಯುವವರಿಗೆ ಟ್ಯೂನರ್ ನಂಬಿ ಎಂದು ಹೇಳುವುದು ಒಳ್ಳೆಯದು.

ಧಾರವಾಡದವರು

ಟ್ಯೂನರ್ ನಂಬಿದ ಕಿವಿ ಟ್ಯೂನರ್ ಇಲ್ಲದಾಗ ಏನು ಮಾಡುತ್ತದೆ?

ಪ್ರಶ್ನೆ ಕೇಳಿದವರು, ದಾವಣಗೆರೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮಂಗಳೂರಿನವರು ಹೇಳಿದಂತೆ ನೋಡಿದೆ, ಮೂರನೆಯ ಫ್ರೆಟ್‌ನಲ್ಲಿ ಸ್ವಲ್ಪ ಸುಲಭವಾಗಿದೆ, ಪೂರ್ತಿ ಅಲ್ಲ. ಸಿ ಇಂದ ಎಫ್‌ಗೆ ಸದ್ಯ ಹಾಡು ನಿಲ್ಲದಂತೆ ಹೋಗಲು ಏನು ಮಾಡಬೇಕೆಂದು ಯಾರಾದರೂ ತಿಳಿಸುವಿರಾ?

ಜಯನಗರದವರು

ಪೂರ್ತಿ ಎಫ್ ಹಿಡಿಯುವ ಮೊದಲು ಎಫ್ ಮೇಜರ್ 7ರಿಂದ ಆರಂಭಿಸಿ. ನಮ್ಮ ಗುರುಗಳು ಮಾಡಿಸಿದ್ದು ಇದನ್ನೇ. ನೀವು ಸಿ ಹಿಡಿದಿರುವಾಗ ತೋರುಬೆರಳು ಎರಡನೆಯ ತಂತಿಯ ಒಂದನೆಯ ಫ್ರೆಟ್‌ನಲ್ಲಿದೆ, ಅದನ್ನು ಅಲುಗಾಡಿಸಬೇಡಿ. ಉಂಗುರದ ಬೆರಳು ಐದನೆಯ ತಂತಿಯಿಂದ ನಾಲ್ಕನೆಯದಕ್ಕೆ, ನಡುಬೆರಳು ನಾಲ್ಕನೆಯದರಿಂದ ಮೂರನೆಯದಕ್ಕೆ, ಎರಡೂ ತಮ್ಮ ತಮ್ಮ ಫ್ರೆಟ್‌ನಲ್ಲೇ ಒಂದೊಂದು ತಂತಿ ಕೆಳಗೆ ಸರಿದರೆ ಸಾಕು. ಒಂದನೆಯ ತಂತಿ ಖಾಲಿ, ಐದು ಆರನೆಯ ತಂತಿಗಳನ್ನು ಮೀಟಬೇಡಿ. ಅದು ತಾಳದೊಳಗೆ ಬರತೊಡಗಿದ ಮೇಲೆ ತೋರುಬೆರಳನ್ನು ಒಂದು ಎರಡನೆಯ ತಂತಿಗಳ ಮೇಲೆ ಮಲಗಿಸಿದರೆ ನಾಲ್ಕು ತಂತಿಯ ಎಫ್ ಆಗುತ್ತದೆ. ಆರು ತಂತಿಯದಕ್ಕೆ ಆಮೇಲೆ ಹೋಗಬಹುದು.

ಶಿಕಾಗೋದವರು

ಅದೇ ಚಲನೆಯನ್ನು ಒಂದು ನಿಮಿಷದ ಅಭ್ಯಾಸಕ್ಕೆ ಹಾಕಿ ಎಣಿಸಿ. ಅದಕ್ಕೆ 1,200 ರೂಪಾಯಿ ಬೇಕಾಗಿಲ್ಲ.

ಜಯನಗರದವರು

ಆ ಚಲನೆಯನ್ನು ನಿಮ್ಮ ಎಣಿಕೆ ಹೇಳಿಕೊಡಲಿಲ್ಲ, ಗಂಟೆಗೆ 1,200 ರೂಪಾಯಿ ಪಡೆದವರೇ ಹೇಳಿಕೊಟ್ಟರು ಎಂಬುದನ್ನು ದಯವಿಟ್ಟು ಗಮನಿಸಿ. ತಪ್ಪು ಚಲನೆಯನ್ನು ನಿಮಿಷಕ್ಕೆ 60 ಸಲ ಎಣಿಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ಧಾರವಾಡದವರು

ದಾವಣಗೆರೆಯವರನ್ನು ಇದುವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ನಿಮ್ಮ ನೆರೆಮನೆಯ ಶಿಕ್ಷಕಿಯವರು ಯಾವ ಶ್ರುತಿಯಲ್ಲಿ ಹಾಡುತ್ತಾರೆ?

ಪ್ರಶ್ನೆ ಕೇಳಿದವರು

ಅವರ ತಂಬೂರಿ ಪೆಟ್ಟಿಗೆ ಜಿ ಶಾರ್ಪ್‌ನಲ್ಲಿ ಇರುತ್ತದೆ. ನನಗೆ ಬರುವುದು ಸಿ ಎಂದು, ನನ್ನ ಜೊತೆ ಕುಳಿತಾಗ ಅವರು ಸಿ ಶ್ರುತಿಗೆ ಬರುತ್ತಾರೆ. ಮೇಲಿನ ಸಾಲುಗಳಲ್ಲಿ ಅವರಿಗೂ ಕಷ್ಟವಾಗುತ್ತದೆ.

ಧಾರವಾಡದವರು

ಹಾಗಾದರೆ ನೀವು ಮೊದಲು ಅವರ ಷಡ್ಜಕ್ಕೆ ಹೋಗಬೇಕು. ಪಕ್ಕವಾದ್ಯದವರು ಹಾಡುವವರ ಶ್ರುತಿಗೆ ಹೋಗುತ್ತಾರೆಯೇ ಹೊರತು ಹಾಡುವವರು ಪಕ್ಕವಾದ್ಯಕ್ಕೆ ಬರುವುದಿಲ್ಲ. ಸಿ ಶ್ರುತಿಗೆ ಎಳೆದು ತಂದಿದ್ದರಿಂದ ಅವರು ತಾರಸ್ಥಾಯಿಯಲ್ಲಿ ಉಸಿರು ಹಿಡಿಯುತ್ತಿದ್ದಾರೆ, ನಿಮ್ಮ ತಾಳ ಅಲ್ಲೂ ತಪ್ಪುತ್ತಿರಬಹುದು.

ಮಂಗಳೂರಿನವರು

ಈ ಒಂದು ವಿಷಯದಲ್ಲಿ ಧಾರವಾಡದವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕ್ಯಾಪೊವನ್ನು ಒಂದನೆಯ ಫ್ರೆಟ್‌ಗೆ ಹಾಕಿ ಜಿ ಆಕಾರದಲ್ಲಿ ಹಿಡಿಯಿರಿ, ಜಿ ಶಾರ್ಪ್ ಆಗುತ್ತದೆ. ಜಿ, ಸಿ, ಡಿ, ಇ ಮೈನರ್, ಎಲ್ಲವೂ ಓಪನ್ ಕಾರ್ಡ್‌ಗಳು. ನಿಮ್ಮನ್ನು ಕಾಡುತ್ತಿರುವ ಎಫ್ ಆ ಗುಂಪಿನಲ್ಲಿ ಇಲ್ಲವೇ ಇಲ್ಲ. ಕ್ಯಾಪೊ 350 ರೂಪಾಯಿಗೆ ಸಿಗುತ್ತದೆ. ಮೇಲಾಗಿ ಕ್ಯಾಪೊ ಹಾಕಿದರೆ ನಟ್‌ನ ಎತ್ತರದ ತೊಂದರೆಯೂ ತಪ್ಪುತ್ತದೆ.

ಜಯನಗರದವರು

ಕ್ಯಾಪೊ ಹಾಕಲಿ, ಬೇಡ ಎನ್ನುವುದಿಲ್ಲ. ಆದರೆ ಜಿ ಆಕಾರದಲ್ಲಿ ಎಫ್ ಇಲ್ಲ ಎಂದವರು ಬಿ ಮೈನರ್ ಇದೆ ಎಂಬುದನ್ನೂ ಹೇಳಬೇಕಿತ್ತು. ಭಾವಗೀತೆಗಳಲ್ಲಿ ಅದು ಮೇಲಿಂದ ಮೇಲೆ ಬರುತ್ತದೆ, ಅದೂ ಬ್ಯಾರೆಯೇ. ಇಂದು ಎಫ್ ತಪ್ಪಿಸಿಕೊಂಡವರಿಗೆ ನಾಳೆ ಅಲ್ಲಿ ತಾಳ ಮುರಿಯುತ್ತದೆ.

ಮಂಗಳೂರಿನವರು

ಬಿ ಮೈನರ್‌ನ ಮೂರು ಸ್ವರಗಳಲ್ಲಿ ಎರಡು ಡಿ ಕಾರ್ಡ್‌ನಲ್ಲೇ ಇವೆ. ಹಾಡು ನಡೆಯುತ್ತಿರುವಾಗ ಡಿ ಹಿಡಿದು ಮುಂದೆ ಸಾಗಿದರೆ ಬಹಳ ಕಡೆ ಹೊಂದಿಕೊಳ್ಳುತ್ತದೆ, ನಮ್ಮ ಮಂಡಳಿಯಲ್ಲಿ ಹೊಸಬರು ಹಾಗೆಯೇ ನುಡಿಸುತ್ತಾರೆ. ಹೊಂದದ ಕಡೆ ಆ ಎರಡು ಎಣಿಕೆ ಬಿಟ್ಟು, ಮುಂದಿನ ಒಂದಕ್ಕೆ ಬಂದು ಸೇರಿಕೊಳ್ಳಲಿ.

ಜಯನಗರದವರು

ನಾನು ಮೊದಲನೆಯ ಉತ್ತರದಲ್ಲೇ ಬರೆದದ್ದನ್ನು ಈಗ ನೀವೂ ಬರೆದಿದ್ದೀರಿ.